ಒಂಬತ್ತನೇ ಸೀಟಿನ ತೂಕ

"ಬೂಟೂ ಬಿಚ್ಚಬೇಕಾ?" ಎಂದು ಡ್ರಮ್ಮರ್ ಕೇಳಿದ.

"ಬೇಡ. ಅವತ್ತು ವಿಮಾನ ಹತ್ತುವಾಗ ಹೇಗಿದ್ರೋ ಹಾಗೇ ನಿಂತ್ಕೊಳ್ಳಿ."

"ಅವತ್ತು ಹೊಟ್ಟೆ ತುಂಬಾ ತಿಂದಿದ್ದೆ."

"ಇವತ್ತೂ ತಿಂದಿದ್ದೀರಿ. ಹತ್ತಿ."

ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ, ಜೆಟ್ಟಿನ ಪಕ್ಕ ಇಟ್ಟಿದ್ದ ಸಾಮಾನು ತೂಗುವ ಮಿಷನ್ನಿನ ಕಬ್ಬಿಣದ ಹಲಗೆ ಕುಂಯ್ ಅಂದಿತು. ಕೆಂಪು ಅಂಕಿಗಳು ಓಡಿದವು, ತಮ್ಮನ್ನು ತಾವೇ ನಂಬದವರಂತೆ ಒಂದು ಕ್ಷಣ ತಡವರಿಸಿದವು, ಆಮೇಲೆ ನೂರ ಹದಿನೆಂಟಕ್ಕೆ ಬಂದು ನಿಂತವು.

ಡ್ರಮ್ಮರ್ ಬಗ್ಗಿ ನೋಡಲು ಹೋದ. ಹೊಟ್ಟೆ ಅಡ್ಡ ಬಂತು. "ಎಷ್ಟಂತೆ?"

"ನಿಮಗ್ಯಾಕೆ ಬಿಡಿ ಆ ಸಂಕಟ."

ತಕ್ಕಡಿ ತನ್ನ ಕೈಯಲ್ಲಿದ್ದ ಹಾಳೆಯಲ್ಲಿ ಆರನೇ ಸೀಟಿನ ಎದುರು ಬರೆದಿದ್ದ ಅಂಕಿ ನೋಡಿದ. ನೂರ ಹದಿನೇಳು. ಮೂರು ದಿನದಲ್ಲಿ ಒಂದು ಕಿಲೋ ಏರಿದೆ. ಗೆಳೆಯ ಕಾಣೆಯಾದ ದುಃಖ ಒಬ್ಬೊಬ್ಬರನ್ನು ಒಂದೊಂದು ರೀತಿ ಕಾಡುತ್ತದೆ.

ತಕ್ಕಡಿ ಅನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷ ತನ್ನೂರಿನ ವಿಮಾನ ನಿಲ್ದಾಣದಲ್ಲಿ ಲೋಡ್ ಮೇಜಿನ ಮುಂದೆ ಕೂತು, ಯಾವ ವಿಮಾನಕ್ಕೆ ಎಷ್ಟು ಜನ, ಎಷ್ಟು ಪೆಟ್ಟಿಗೆ, ಎಷ್ಟು ಇಂಧನ ಎಂದು ಕೂಡಿ ಕಳೆದು ಸಂಪಾದಿಸಿದ ಹೆಸರು. ಎದುರಿಗೆ ಬಂದವರ ತೂಕವನ್ನು ಕಣ್ಣಲ್ಲೇ ಹೇಳಬಲ್ಲ. ನಾಲ್ಕು ಜನ ಸೇರಿದ ಕಡೆ, ಹೆಂಡತಿ ಜೊತೆಗಿಲ್ಲದಿದ್ದರೆ, ಅವನ ಪಕ್ಕದ ಕುರ್ಚಿ ಖಾಲಿ ಇರುವುದಕ್ಕೆ ಅದೇ ಕಾರಣ. ಆಮೇಲೆ ಅವನು ಆ ಕೆಲಸ ಬಿಟ್ಟು ಪತ್ತೇದಾರನಾದ. ಹೆಸರು ಅವನನ್ನು ಬಿಡಲಿಲ್ಲ.

ಮೂರು ದಿನದ ಹಿಂದೆ ಈ ಬ್ಯಾಂಡಿನ ಗಾಯಕ, ಅಭಿಮಾನಿಗಳು 'ಕಂಠ' ಎಂದು ಕರೆಯುವವನು, ತಕ್ಕಡಿಯ ಊರಿಂದ ಬಾಡಿಗೆ ಜೆಟ್ ಹತ್ತಿ ಈ ಊರಿಗೆ ಬಂದಿಳಿದಿದ್ದ. ಕಾರು ಹತ್ತಿದ್ದ, ಹೋಟೆಲಿನ ಹಿಂಬಾಗಿಲಲ್ಲಿ ಇಳಿದಿದ್ದ, ಕೋಣೆ ಸೇರುವಷ್ಟರಲ್ಲಿ ಮಾಯವಾಗಿದ್ದ. ಈ ಊರಿನ ಪೊಲೀಸರು ಅವನಿಗಾಗಿ ಚರಂಡಿಗಳನ್ನೂ ಬಿಡದೆ ಜಾಲಾಡುತ್ತಿದ್ದರು. ತಕ್ಕಡಿಯನ್ನು ಕರೆಸಿದ್ದು ಬ್ಯಾಂಡಿನ ಮ್ಯಾನೇಜರ್. ತಕ್ಕಡಿಯ ಒಡಹುಟ್ಟಿದ ತಮ್ಮ.

ಇವತ್ತು ಸಂಜೆ ಐದಕ್ಕೆ ವಿಮೆ ಕಂಪನಿಯ ವಕೀಲ ಬರುವವನಿದ್ದ. ವರದಿ ಆಗಲೇ ಟೈಪಾಗಿತ್ತು. ಗಾಯಕರು ವಿಮಾನದಲ್ಲಿ ಬಂದಿಳಿದದ್ದು ನಿಜ, ಇಳಿದ ಮೇಲೆ ಅವರನ್ನು ಇದೇ ಊರಲ್ಲಿ ಯಾರೋ ಹೊತ್ತೊಯ್ದದ್ದು ನಿಜ. ಅದರ ಕೆಳಗೆ ತಕ್ಕಡಿಯ ಸಹಿಗೆ ಜಾಗ. ಆ ಸಹಿ ಬಿದ್ದರೆ ಹುಡುಕಾಟ ಈ ಊರಿಗೇ ಕಟ್ಟುಬೀಳುತ್ತದೆ. ಬರೆದದ್ದು ಸುಳ್ಳಾಗಿದ್ದರೆ, ಕಂಠ ನಿಜವಾಗಿ ಎಲ್ಲಿ ಬಿದ್ದಿದ್ದಾನೋ ಅಲ್ಲಿ ಅವನನ್ನು ಹುಡುಕುವ ನರಪಿಳ್ಳೆಯೂ ಇರುವುದಿಲ್ಲ.

"ಮುಂದಿನವರು ಬನ್ನಿ," ಎಂದ ತಕ್ಕಡಿ.

ಗಿಟಾರಿನವನು ಬಂದ, ಅರವತ್ತನಾಲ್ಕು. ಹಾಳೆಯಲ್ಲೂ ಅರವತ್ತನಾಲ್ಕು. ಬೇಸ್ ನುಡಿಸುವವನು ಫೋನ್ ನೋಡುತ್ತಲೇ ಹತ್ತಿ, ಫೋನ್ ನೋಡುತ್ತಲೇ ಇಳಿದ. ಬಟ್ಟೆಬರೆ ನೋಡಿಕೊಳ್ಳುವ ದರ್ಜಿಯಮ್ಮ ಅಂಕಿಯ ಮೇಲೆ ಕರವಸ್ತ್ರ ಮುಚ್ಚಿ, "ನೀವೊಬ್ಬರೇ ನೋಡ್ಕೊಳ್ಳಿ, ಜೋರಾಗಿ ಓದಬೇಡಿ," ಎಂದಳು. ಅವಳದ್ದೂ ಹೊಂದಿತು. ಹನ್ನೆರಡು ಗಂಟೆಯ ಹೊತ್ತಿಗೆ ಎಂಟು ಸೀಟುಗಳ ತೂಕ, ಒಂದೆರಡು ಕಿಲೋ ಆಚೀಚೆ, ಹಾಳೆಗೆ ತಾಳೆಯಾಯಿತು.

ಉಳಿದದ್ದು ಒಂಬತ್ತನೇ ಸೀಟು. ಹಿಂದಿನ ಮೂಲೆಯ ಒಂಟಿ ಸೀಟು. ಕಂಠನದ್ದು. ಅದರ ಎದುರು ಅರವತ್ತೊಂದು ಎಂದು ಬರೆದಿತ್ತು.

ಕಂಠನ ತೂಕ ಎಂಬತ್ತನಾಲ್ಕು. ಇದರಲ್ಲಿ ಅಂದಾಜಿಗೆ ಜಾಗವೇ ಇಲ್ಲ. ಕೊನೆಯ ಹಾಡಿಗೆ ಅವನನ್ನು ತಂತಿ ಕಟ್ಟಿ ವೇದಿಕೆಯಿಂದ ಮೂವತ್ತಡಿ ಮೇಲೆತ್ತುತ್ತಾರೆ; ತಂತಿಯವನು ವಾರಕ್ಕೊಮ್ಮೆ ತೂಗಿ ಬರೆದಿಡುತ್ತಾನೆ. ಗಾಯಕ ಬಿದ್ದರೆ ಪತ್ರಿಕೆಯವರು ಬರೆಯುವುದು ಅವನ ಹಾಡಿನ ಬಗ್ಗೆ, ಪೊಲೀಸರು ಹಿಡಿಯುವುದು ತಂತಿಯವನನ್ನು.

"ಡ್ರಮ್ಮರ್ ಸಾಹೇಬರೇ, ಸ್ವಲ್ಪ ನಿಲ್ಲಿ," ಎಂದ ತಕ್ಕಡಿ. "ಅವತ್ತು ವಿಮಾನದಲ್ಲಿ ಕಂಠ ಇದ್ದದ್ದು ನೀವು ನೋಡಿದ್ರಾ?"

"ನೋಡಿದ್ನಲ್ಲ. ಹಿಂದೆ ಕೂತಿದ್ದ. ಕೋಟು, ಟೋಪಿ, ಮಫ್ಲರ್, ಕಪ್ಪು ಕನ್ನಡಕ."

"ಕೋಟು ಟೋಪಿ ಅಂಗಡೀಲೂ ಇರ್ತವೆ. ಮುಖ?"

ಡ್ರಮ್ಮರ್ ತಲೆ ಕೆರೆದ. "ಗಂಟಲಿಗೆ ವಿಶ್ರಾಂತಿ ಬೇಕು, ಯಾರೂ ಮಾತಾಡಿಸಬೇಡಿ ಅಂತ ನಿಮ್ಮ ತಮ್ಮ ಹೇಳಿದ್ರು. ಹೇಳದಿದ್ರೂ ನಾವೇನು ಮಾತಾಡಿಸ್ತಿರಲಿಲ್ಲ ಬಿಡಿ. ಮಾತು ಬಿಟ್ಟು ಐದು ವಾರ ಆಗಿತ್ತು."

"ಎಲ್ರೂ?"

"ಎಲ್ರೂ. ನಾನು ಗಿಟಾರ್ ಹತ್ರ ಮಾತಾಡಲ್ಲ, ಗಿಟಾರು ಕಂಠನ ಹತ್ರ ಮಾತಾಡಲ್ಲ. ಬೇಸಿನವನು ಹುಟ್ಟಿದಾಗಿಂದ್ಲೇ ಯಾರ ಹತ್ರಾನೂ ಮಾತಾಡಿಲ್ಲ." ಅವನು ಜೆಟ್ಟಿನ ಕಡೆ ಗದ್ದ ಎತ್ತಿ ತೋರಿಸಿದ. "ಇದಕ್ಕೆ ಮುಂಚೆ ಬಸ್ಸಿತ್ತು ಸಾರ್. ಹದಿನಾಲ್ಕು ಗಂಟೆ ಪ್ರಯಾಣ. ಕಾಲು ಕೆರೆದು ಜಗಳ ಆಡ್ತಿದ್ವಿ, ಒಂದೇ ಪೊಟ್ಟಣದಿಂದ ತಿಂತಿದ್ವಿ, ಇಳಿಯೋ ಹೊತ್ತಿಗೆ ರಾಜಿ. ಈಗ ಎಪ್ಪತ್ತು ನಿಮಿಷ. ಜಗಳ ಶುರು ಮಾಡೋ ಹೊತ್ತಿಗೆ ಬೆಲ್ಟ್ ಕಟ್ಕೊಳ್ಳಿ ಅಂತಾರೆ."

ಇಪ್ಪತ್ತೆರಡು ವರ್ಷ ಒಂದೇ ವೇದಿಕೆ ಹಂಚಿಕೊಂಡ ಗೆಳೆಯರು. ಹತ್ತಡಿ ದೂರದಲ್ಲಿ ತಮ್ಮ ಗಾಯಕನ ಕೋಟಿನೊಳಗೆ ಬೇರೆ ಯಾರೋ ಕೂತು ಬಂದರೆ, ಮುಖ ತಿರುಗಿಸಿ ನೋಡಿದವನು ಒಬ್ಬನೂ ಇಲ್ಲ. ಈ ಯೋಜನೆ ಹಾಕಿದವನಿಗೆ ಇವರ ಮುನಿಸಿನ ಮೇಲೆ ಅಷ್ಟು ಭರವಸೆಯಿತ್ತು.

*

ಕ್ಯಾಪ್ಟನ್ ಮೇಡಂ ಜೆಟ್ಟಿನ ಮೆಟ್ಟಿಲ ಮೇಲೆ ಕೂತು ಸೇಬು ಕಚ್ಚುತ್ತಿದ್ದಳು. ಐವತ್ತೆಂಟು ಕಿಲೋ, ಎಂದಿತು ತಕ್ಕಡಿಯ ಕಣ್ಣು, ಅವನು ಕೇಳದಿದ್ದರೂ.

"ಮೇಡಂ, ಇದು ನಿಮ್ಮ ಅಕ್ಷರ ತಾನೇ?"

ಅವಳು ಹಾಳೆ ನೋಡಿದಳು. "ನನ್ನದೇ. ಲೋಡ್ ಶೀಟು. ಎಲ್ಲಿ ಸಿಕ್ತು?"

"ನಮ್ಮೂರಿನ ಲೋಡ್ ಮೇಜಿನಿಂದ. ಹಳೇ ಸ್ನೇಹಿತ ಇವತ್ತು ಬೆಳಗ್ಗೆ ಕಳಿಸಿದ." ಅವನು ತಮ್ಮ ಕೊಟ್ಟಿದ್ದ ಕಡತದಿಂದ ಇನ್ನೊಂದು ಹಾಳೆ ತೆಗೆದ. "ಮತ್ತೆ ಇದು?"

ಕ್ಯಾಪ್ಟನ್ ಆ ಎರಡನೇ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದಳು. ಟೈಪು ಮಾಡಿದ ಹಾಳೆ. ಒಂಬತ್ತು ಸೀಟು, ಒಂಬತ್ತರ ಎದುರೂ ಎಂಬತ್ತಾರು, ಎಂಬತ್ತಾರು, ಎಂಬತ್ತಾರು.

"ಇದು ನನ್ನದಲ್ಲ. ಅವತ್ತು ಇಷ್ಟು ತೂಕ ಹೊತ್ಕೊಂಡು ಹೊರಟಿದ್ರೆ ನಾನು ಇವತ್ತು ಸೇಬು ತಿಂತಿರಲಿಲ್ಲ."

"ಯಾಕೆ?"

"ನಿಮಗೆ ಗೊತ್ತಿಲ್ವಾ ಸಾರ್?"

"ಗೊತ್ತು. ನಿಮ್ಮ ಬಾಯಲ್ಲಿ ಕೇಳಬೇಕು."

"ಬೇರೆ ದಿನ ಯಾರನ್ನೂ ತೂಗಲ್ಲ. ತಲೆಗೆ ಎಂಬತ್ತಾರು ಅಂತ ಬರ್ಕೊಂಡು ಹೊರಡ್ತೀವಿ. ಅವತ್ತು ನಿಮ್ಮೂರಲ್ಲಿ ಅರ್ಧ ರನ್‌ವೇ ಅಗೆದು ಹಾಕಿದ್ರು. ಮಟಮಟ ಮಧ್ಯಾಹ್ನ ಬೇರೆ. ಬಿಸಿ ಗಾಳೀಲಿ ರೆಕ್ಕೆಗೆ ಹಿಡಿತ ಸಿಗಲ್ಲ. ಒಂಬತ್ತು ಎಂಬತ್ತಾರು ಹೊತ್ಕೊಂಡ್ರೆ ಬೇಲಿ ದಾಟ್ತಿರಲಿಲ್ಲ. ಅದಕ್ಕೇ ಮೆಟ್ಟಿಲ ಬುಡದಲ್ಲಿ ಮಿಷನ್ ಇಡಿಸಿ ಒಬ್ಬೊಬ್ಬರನ್ನೇ ತೂಗಿಸಿದೆ."

"ಒಂಬತ್ತನೇ ಸೀಟಿನವರ ಮುಖ ನೋಡಿದ್ರಾ?"

"ಇಲ್ಲ. ಕೆಳಗಡೆ ಸಾಮಾನಿನವನು ಸೀಟು, ಅಂಕಿ ಕೂಗ್ತಿದ್ದ. ನಾನು ಮೇಲೆ ಕಾಕ್‌ಪಿಟ್ಟಲ್ಲಿ ಕೂತು ಬರ್ಕೊಂಡೆ."

"ಅರವತ್ತೊಂದು ಅಂದಾಗ ಅನುಮಾನ ಬರಲಿಲ್ವಾ?"

"ಜಾಸ್ತಿ ಬಂದ್ರೆ ನೂರು ಪ್ರಶ್ನೆ ಕೇಳ್ತೀನಿ. ಕಡಿಮೆ ಬಂದ್ರೆ ಯಾವ ಪೈಲಟ್ಟೂ ಪ್ರಶ್ನೆ ಕೇಳಲ್ಲ ಸಾರ್."

ತಕ್ಕಡಿ ನಕ್ಕ. ಲೋಡ್ ಮೇಜಿನವರೂ ಕೇಳುವುದಿಲ್ಲ. ಈ ಕಸುಬಿನಲ್ಲಿ ಹೆಸರು ಸುಳ್ಳಾಗಬಹುದು, ವಯಸ್ಸು ಸುಳ್ಳಾಗಬಹುದು, ಗಂಡ ಹೆಂಡತಿ ಎಂದು ಬರೆಸಿದವರು ಗಂಡ ಹೆಂಡತಿ ಆಗಿರಬೇಕೆಂದೂ ಇಲ್ಲ. ತೂಕ ಮಾತ್ರ ಸುಳ್ಳು ಬರೆಯುವ ಹಾಗಿಲ್ಲ. ಬರೆದವರೂ ಅದೇ ವಿಮಾನದಲ್ಲಿ ಕೂತಿರುತ್ತಾರೆ.

"ಈ ಶೀಟಿನ ಎರಡು ಪ್ರತಿ ಇರಬೇಕು," ಎಂದ. "ಒಂದು ನೆಲದ ಮೇಲೆ ಉಳಿಯುತ್ತೆ, ವಿಮಾನಕ್ಕೆ ಏನಾದ್ರೂ ಆದ್ರೆ ಇರಲಿ ಅಂತ. ಇನ್ನೊಂದು ನಿಮ್ಮ ಹತ್ರ. ನಿಮ್ಮ ಪ್ರತಿ ಎಲ್ಲಿ?"

"ಅವತ್ತೇ ನಿಮ್ಮ ತಮ್ಮನ ಕೈಗೆ ಕೊಟ್ಟೆ. ನಿಮಗೆ ತಲುಪಿಸೋಕೆ ಅಂತ ಕೇಳಿದ್ರು."

ತಕ್ಕಡಿ ಎರಡು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ, ನಿಧಾನವಾಗಿ ಮಡಿಸಿ, ಕಡತದೊಳಗಿಟ್ಟ. ಅವನ ಕೈ ಅಷ್ಟು ನಿಧಾನ ಮಾಡಿದ್ದನ್ನು ನೋಡಿ ಕ್ಯಾಪ್ಟನ್ ಸೇಬು ಅಗಿಯುವುದನ್ನು ನಿಲ್ಲಿಸಿದಳು.

"ಅವತ್ತೇ ಅಂದ್ರೆ ಯಾವಾಗ ಮೇಡಂ? ಕಂಠ ಕಾಣೆಯಾದ ಮೇಲೆ ತಾನೇ?"

"ಇಲ್ವಲ್ಲ. ಇಳಿದ ತಕ್ಷಣ. ಇಂಜಿನ್ ಇನ್ನೂ ಆರಿರಲಿಲ್ಲ."

ಇಂಜಿನ್ ಆರಿರಲಿಲ್ಲ. ಕಂಠನ ಕಾರು ಇನ್ನೂ ಗೇಟು ದಾಟಿರಲಿಲ್ಲ. ಯಾರೂ ಕಾಣೆಯಾಗಿರಲಿಲ್ಲ. ತಮ್ಮ ಆಗಲೇ ಪತ್ತೇದಾರ ಅಣ್ಣನಿಗೆಂದು ಕಾಗದ ಕೂಡಿಸುತ್ತಿದ್ದ.

*

ಹ್ಯಾಂಗರಿನ ಮೂಲೆಯ ಮೇಜಿನ ಮೇಲೆ, ತಕ್ಕಡಿ ನೋಡಲೆಂದು ತಂದಿಟ್ಟ, ಪೊಲೀಸರ ಮೊಹರಿದ್ದ ದೊಡ್ಡ ಪ್ಲಾಸ್ಟಿಕ್ ಚೀಲವಿತ್ತು. ಅದನ್ನು ಕಾಯಲು ಬಿಟ್ಟಿದ್ದ ಪೇದೆ, ಚೀಲಕ್ಕಿಂತ ತನ್ನ ಕುರ್ಚಿಯನ್ನು ಹೆಚ್ಚು ಭದ್ರವಾಗಿ ಕಾಯುತ್ತಿದ್ದ. ಹೋಟೆಲಿನ ಬಟ್ಟೆ ಒಗೆಯುವ ಕೋಣೆಯ ಹಿಂದೆ ಕಸದ ಡಬ್ಬಿಯಲ್ಲಿ ಸಿಕ್ಕ ಕೋಟು, ಟೋಪಿ, ಮಫ್ಲರ್, ಬೂಟು. ಹೊತ್ತೊಯ್ದವರು ಗುರುತು ಸಿಗದಿರಲೆಂದು ಬಿಚ್ಚಿ ಬಿಸಾಕಿದ್ದು ಎಂದು ಪೊಲೀಸರ ವಾದ.

"ಬಿಚ್ಚೋ ಹಾಗಿಲ್ಲ," ಎಂದ ಪೇದೆ.

"ಬಿಚ್ಚಲ್ಲಪ್ಪ. ಬರೀ ತೂಗ್ತೀನಿ."

"ತೂಗಿ, ತೂಗಿ," ಎಂದು ಪೇದೆ ಮತ್ತೆ ಕಣ್ಣು ಮುಚ್ಚಿದ. ತೂಗಬಾರದೆಂದು ಯಾವ ಆದೇಶವೂ ಇರಲಿಲ್ಲ.

ಏಳು ಕಿಲೋ. ಬೂಟುಗಳೇ ಅರ್ಧ, ನಾಲ್ಕು ಬೆರಳು ದಪ್ಪದ ಅಟ್ಟೆ, ಸುತ್ತ ಹಿತ್ತಾಳೆಯ ಮೊಳೆ. ಚೀಲವನ್ನು ಬೆಳಕಿಗೆ ತಿರುಗಿಸಿದಾಗ ಬೂಟಿನ ಒಳಭಾಗ ಕಂಡಿತು. ಬೆರಳು ಕೂರುವ ಕಡೆ ಹತ್ತಿ ಒತ್ತಿ ತುಂಬಿದ್ದರು. ಕಂಠನ ಪಾದ ಅವನ ಹಾಡಿನಷ್ಟೇ ದೊಡ್ಡದು ಎಂದು ದರ್ಜಿಯಮ್ಮ ನಿನ್ನೆ ಗೊಣಗಿದ್ದಳು. ಹತ್ತಿ ಬೇಕಾದದ್ದು ಬೇರೆ ಪಾದಕ್ಕೆ.

ಅರವತ್ತೊಂದರಲ್ಲಿ ಏಳು ಕಳೆದರೆ ಐವತ್ತನಾಲ್ಕು.

ಐವತ್ತನಾಲ್ಕು ಕಿಲೋದ, ಚಿಕ್ಕ ಪಾದದ, ಕಂಠನಷ್ಟೇ ಎತ್ತರದ ಒಬ್ಬ ವ್ಯಕ್ತಿ. ಮೈಗೊಂದು ದಪ್ಪ ಕೋಟು ಹಾಕಿಕೊಂಡು, ಎಪ್ಪತ್ತು ನಿಮಿಷ ತುಟಿ ಪಿಟಿಕ್ಕೆನ್ನದೆ ಕೂತು, ಎಂಟು ಜನರ ಕಣ್ಣಿಗೆ ಮಣ್ಣೆರಚಿದ ವ್ಯಕ್ತಿ. ಗುಂಪಿನಲ್ಲಿ ಆ ತೂಕದವರು ಯಾರೂ ಇಲ್ಲ. ಅಲ್ಲಿಗೆ ಹೊರಗಿನವರು.

ಕಂಠ ಈ ಊರಿಗೆ ಬರಲೇ ಇಲ್ಲ. ಅವನು ಕಳೆದುಹೋದದ್ದು ಅಲ್ಲಿ, ತಕ್ಕಡಿಯ ಊರಲ್ಲಿ, ವಿಮಾನ ಏಳುವ ಮೊದಲೇ. ಮೂರು ದಿನದಿಂದ ಅಲ್ಲಿ ಅವನನ್ನು ಯಾರೂ ಹುಡುಕಿಲ್ಲ.

*

ತಮ್ಮ ಜೆಟ್ಟಿನೊಳಗೇ ಕೂತು ಕೆಲಸ ಮಾಡುತ್ತಿದ್ದ. ತಿಳಿ ಕಂದು ಚರ್ಮದ ಸೀಟು, ಮಡಿಸುವ ಮೇಜು, ಮೇಜಿನ ಮೇಲೆ ವರದಿ, ವರದಿಯ ಮೇಲೆ ಮುಚ್ಚಳ ತೆಗೆದ ಪೆನ್ನು. ಕಾಲಿಟ್ಟರೆ ಹೂತುಹೋಗುವ ಜಮಖಾನೆ. ತನಿಖೆಗೆಂದು ಪೊಲೀಸರು ಮೂರು ದಿನದಿಂದ ತಡೆದು ನಿಲ್ಲಿಸಿದ ವಿಮಾನಕ್ಕೂ ಒಳಗೆ ತಂಪು ಹರಿಯುತ್ತಿತ್ತು. ಹಾರಿದರೂ ದುಡ್ಡು, ನಿಂತರೂ ದುಡ್ಡು.

"ಬಾ ಅಣ್ಣ. ಟೀ ತರಿಸ್ಲಾ? ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು."

ತಕ್ಕಡಿ ನೇರ ಹಿಂದಕ್ಕೆ ನಡೆದು ಒಂಬತ್ತನೇ ಸೀಟಿನಲ್ಲಿ ಕೂತ. ಅಲ್ಲಿಂದ ಉಳಿದ ಎಂಟು ಸೀಟುಗಳ ಬೆನ್ನು ಮಾತ್ರ ಕಾಣುತ್ತಿತ್ತು.

"ಒಳ್ಳೇ ಜಾಗ," ಎಂದ. "ಇಲ್ಲಿ ಕೂತವರನ್ನ ಯಾರೂ ನೋಡಲ್ಲ, ಇಲ್ಲಿ ಕೂತವರು ಎಲ್ಲರನ್ನೂ ನೋಡಬಹುದು."

"ಸಹಿ ಮಾಡಿಬಿಡು, ಆಮೇಲೆ ಮಾತಾಡೋಣ," ಎಂದು ತಮ್ಮ ಅವನ ಕಡೆ ತಿರುಗಿ ಕೂತ.

"ಅಸಲಿ ಲೋಡ್ ಶೀಟ್ ಎಲ್ಲಿಟ್ಟೆ?"

ತಮ್ಮನ ಮುಖದಲ್ಲಿ ನಗು ಉಳಿದಿತ್ತು. ನಗುವಿನ ಹಿಂದೆ ಇದ್ದವನು ಎದ್ದು ಹೋಗಿದ್ದ.

"ಕಡತದಲ್ಲೇ ಇದೆಯಲ್ಲಣ್ಣ."

"ಒಂಬತ್ತು ಎಂಬತ್ತಾರು ಇರೋದಾ? ಅದನ್ನ ಬೇರೆ ಯಾರಿಗಾದ್ರೂ ತೋರಿಸಿದ್ರೆ ನಡೀತಿತ್ತು ಕಣೋ. ನನಗೆ ತೋರಿಸಿದೆಯಲ್ಲ. ನನ್ನನ್ನ ಅಷ್ಟು ದಡ್ಡ ಅಂದ್ಕೊಂಡ್ಯಾ?"

"ದಡ್ಡ ಅಂತಲ್ಲ."

"ಮತ್ತೆ?"

ತಮ್ಮ ಪೆನ್ನಿಗೆ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. "ನಾನು ಕೊಟ್ಟ ಕಾಗದ ನೀನು ತಿರುಗಿಸಿ ನೋಡಲ್ಲ ಅಂದ್ಕೊಂಡೆ."

ಅಷ್ಟೇ. ಅವನು ಅದನ್ನು ಸೊಕ್ಕಿನಿಂದ ಹೇಳಲಿಲ್ಲ, ನಾಚಿಕೆಯಿಂದಲೂ ಅಲ್ಲ. ಇವತ್ತು ಸೆಕೆ ಜಾಸ್ತಿ ಅನ್ನುವ ಹಾಗೆ ಹೇಳಿದ. 

"ಅಂದ್ರೆ ನನ್ನನ್ನ ಕರೆಸಿದ್ದು ಕಂಠನ್ನ ಹುಡುಕೋಕಲ್ಲ."

"ವಿಮೆಯವರು ಇಬ್ಬರೇ ಪತ್ತೇದಾರರ ಹೆಸರು ಒಪ್ತಾರೆ ಅಣ್ಣ. ಇನ್ನೊಬ್ಬನು ಮೂರು ವಾರ ಅಗೀತಾನೆ. ನಾನು ನಿನ್ನ ತಮ್ಮ ಅಂತ ಗೊತ್ತಿದ್ದೂ ನಿನ್ನ ಹೆಸರಿಗೆ ಹೂಂ ಅಂದ್ರು. ಅಂಥ ಹೆಸರು ನಿಂದು."

"ಅಂಥ ಹೆಸರನ್ನ ನೀನು ಅಡ ಇಟ್ಟೆ."

"ಬೇರೆ ಏನಿತ್ತು ನನ್ನ ಹತ್ರ ಇಡೋಕೆ?" ತಮ್ಮನ ಧ್ವನಿ ಮೊದಲ ಸಲ ಏರಿತು. "ಈ ವಿಮಾನ ಒಂದು ಗಂಟೆ ಹಾರೋ ದುಡ್ಡಲ್ಲಿ ನಾಲ್ಕು ಸಂಸಾರ ವರ್ಷ ಉಣ್ಣಬಹುದು, ಗೊತ್ತಾ ನಿನಗೆ? ನಮ್ಮನ್ನ ಇಳಿಸಿ ಖಾಲಿ ವಾಪಸ್ ಹೋಗುತ್ತೆ, ಯಾಕಂದ್ರೆ ಇಲ್ಲಿ ನಿಲ್ಲಿಸೋ ಬಾಡಿಗೆ ಅದಕ್ಕಿಂತ ಜಾಸ್ತಿ. ಆ ಖಾಲಿ ಹಾರಾಟಕ್ಕೂ ನಾವೇ ಕೊಡಬೇಕು. ಕರ್ಕೊಂಡು ಹೋಗೋಕೆ ಖಾಲಿ ಬರುತ್ತೆ, ಅದಕ್ಕೂ ನಾವೇ. ಪೈಲಟ್ಟು ಇಷ್ಟು ಗಂಟೆ ಆದ್ಮೇಲೆ ಹಾರಿಸೋ ಹಾಗಿಲ್ಲ ಅಂತಾರೆ, ಇನ್ನೊಂದು ಜೋಡಿ ಪೈಲಟ್ ಬರ್ತಾರೆ, ಅವರಿಗೆ ಹೋಟೆಲ್ಲು. ಕೆಳಗೆ ನಮ್ಮ ಸ್ಪೀಕರ್ರು, ಲೈಟು ಹೊತ್ಕೊಂಡು ಮೂರು ಲಾರಿ ರಸ್ತೇಲಿ ಬರ್ತಿರ್ತವೆ, ಅದು ಬೇರೆ."

"ಬಸ್ಸಲ್ಲಿ ಹೋಗಬಹುದಿತ್ತು."

"ಕಂಠನಿಗೆ ಜೆಟ್ಟೇ ಬೇಕು. ಬಸ್ಸಲ್ಲಿ ಬಂದ್ರೆ ಬ್ಯಾಂಡು ಮುಳುಗಿದೆ ಅಂತ ಜನ ಆಡ್ಕೋತಾರಂತೆ. ಮುಳುಗಿರೋದು ನಿಜ ಅಲ್ವಾ ಅಂದೆ; ಒಂದು ವಾರ ಮುಖ ಗಂಟು ಹಾಕ್ಕೊಂಡ. ಇಡೀ ಪ್ರವಾಸಕ್ಕೆ ಗುತ್ತಿಗೆ. ಹಾರಿದ್ರೂ ಕೊಡಬೇಕು, ಬಿಟ್ರೂ ಕೊಡಬೇಕು. ಜಾಮೀನು ಹಾಕಿದ್ದು ನಾನು."

"ಯಾಕೆ ಹಾಕಿದೆ?"

"ಎಲ್ರೂ ನನ್ನ ಕಡೆ ನೋಡಿದ್ರು. ಹಾಕಿದೆ."

ಒಂದು ಕ್ಷಣ ತಕ್ಕಡಿಗೆ ಎದುರಿಗೆ ಕೂತವನ ಮೇಲೆ ಮರುಕ ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

"ಕಂಠನ ಗಂಟಲು?"

"ಹೋಯ್ತು. ಆರು ತಿಂಗಳು ಬಾಯಿ ತೆಗೆಯೋ ಹಾಗಿಲ್ಲ ಅಂದ್ರು ಡಾಕ್ಟ್ರು. ಇನ್ನೂ ಹನ್ನೊಂದು ಊರಿತ್ತು. ಹಳೇ ಕಾಯಿಲೆ ಅಂತ ವಿಮೆಯವರು ಬಿಡಿಗಾಸೂ ಬಿಚ್ಚಲ್ಲ. ಪ್ರವಾಸದ ದಾರೀಲಿ ಯಾರಾದ್ರೂ ಹೊತ್ಕೊಂಡು ಹೋದ್ರೆ ಮಾತ್ರ ಹನ್ನೊಂದೂ ಊರಿನ ನಷ್ಟ ಕಟ್ಟಿಕೊಡ್ತಾರೆ."

"ಅದಕ್ಕೆ ಯಾರೋ ಹೊತ್ಕೊಂಡು ಹೋದ ಹಾಗೆ ಮಾಡಿದೆ. ನಮ್ಮೂರಲ್ಲಿ ಅವನನ್ನ ಬಚ್ಚಿಟ್ಟು, ಇನ್ನೊಬ್ಬರಿಗೆ ಅವನ ಕೋಟು ತೊಡಿಸಿ ಇಲ್ಲಿ ಇಳಿಸಿದೆ. ಪೊಲೀಸರು ಇಲ್ಲಿ ಚರಂಡಿ ತೋಡ್ತಾ ಇರಲಿ ಅಂತ. ಕಂಠ ಇದಕ್ಕೆ ಒಪ್ಪಿದ್ನಾ?"

"ಮೊದಲು ಒಪ್ಪಿದ."

"ಮೊದಲು ಅಂದ್ರೆ?"

ತಮ್ಮ ಕಿಟಕಿಯಾಚೆ ನೋಡಿದ. ಹೊರಗೆ ಡ್ರಮ್ಮರ್ ಯಾರೂ ಇಲ್ಲವೆಂದುಕೊಂಡು ಮತ್ತೆ ಮಿಷನ್ ಹತ್ತಿ, ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದು ನಿಂತಿದ್ದ.

"ಮೊದಲು ಅಂದ್ರೆ ಏನೋ?"

"ಎರಡನೇ ದಿನ ಮನಸ್ಸು ಬದಲಾಯಿಸಿದ. ಹೊರಗೆ ಹೋಗ್ತೀನಿ, ಎಲ್ಲಾ ಹೇಳಿಬಿಡ್ತೀನಿ ಅಂತ ಸ್ಲೇಟಲ್ಲಿ ಬರೆದನಂತೆ. ಈಗ ಸರಿ ಇದ್ದಾನೆ. ನಿದ್ದೆ ಮಾಡ್ತಿದ್ದಾನೆ."

"ಬರೆದನಂತೆ. ಯಾರು ಹೇಳಿದ್ರು ನಿನಗೆ? ಅವನ ಜೊತೆ ಯಾರಿದ್ದಾರೆ?"

ತಮ್ಮ ವರದಿಯ ಹಾಳೆಗಳನ್ನು ಮತ್ತೆ ನೇರ ಮಾಡತೊಡಗಿದ.

"ಈ ಸೀಟಲ್ಲಿ ಕೂತು ಬಂದವರೇ ತಾನೇ? ಇಲ್ಲಿ ಕೋಟು ಕಳಚಿ ಬಿಸಾಕಿ ಸಂಜೆ ರೈಲಲ್ಲಿ ವಾಪಸ್ ಹೋಗಿ ಅವನ ಕಾವಲು ಕೂತಿದ್ದಾರೆ. ಐವತ್ತನಾಲ್ಕು ಕಿಲೋ, ಹತ್ತಿ ತುಂಬಿದ ಬೂಟು. ಹೆಂಗಸೇ ಇರಬೇಕು. ಯಾರದು?"

"ಬೇಡ ಅಣ್ಣ."

"ಯಾರೋ ಅದು?"

"ಕಾಲಿಗೆ ಬೀಳ್ತೀನಿ, ಅದೊಂದು ಬೇಡ. ನನ್ನನ್ನ ಹಿಡಿದುಕೊಡು, ಈಗ್ಲೇ ಕರಿ ಪೊಲೀಸ್‌ನ. ಅಮ್ಮ ಹೋದ್ಮೇಲೆ ನನಗೆ ನೀವಿಬ್ರೇ ಅಲ್ವಾ ಊಟ ಹಾಕಿದ್ದು, ಓದಿಸಿದ್ದು? ಆ ಋಣಕ್ಕೆ ಹೇಳ್ತಿದ್ದೀನಿ. ಸಹಿ ಹಾಕಿಬಿಡು, ಇಲ್ಲ ನನ್ನನ್ನ ಜೈಲಿಗೆ ಹಾಕು. ಅದನ್ನ ಮಾತ್ರ ಕೇಳಬೇಡ."

ತಕ್ಕಡಿಗೆ ಇದು ಹೊಸ ನಾಟಕದಂತೆ ಕಂಡಿತು. ಬೆಳಗ್ಗೆಯಿಂದ ತಮ್ಮನ ಒಂದೊಂದೇ ಪದರ ಕಳಚುತ್ತ ಬಂದವನಿಗೆ, ಈ ಕೊನೆಯ ಗೋಗರೆತದಲ್ಲೂ ಲೆಕ್ಕಾಚಾರವೇ ಕಂಡಿತು. ತಮ್ಮ ಹೇಳಿದ ಮಾತುಗಳಲ್ಲೆಲ್ಲ ನಿಜವಾದದ್ದು ಇದೊಂದೇ ಎಂದು ಅವನಿಗೆ ಹೊಳೆಯಲಿಲ್ಲ. ನಂಬಿಕೆ ಮುರಿದ ಮೇಲೆ ಮನುಷ್ಯನಿಗೆ ಆಗುವ ನಷ್ಟ ಅದು. ನಂಬಬೇಕಾದದ್ದೂ ಕೈ ಜಾರುತ್ತದೆ.

"ಫೋನ್ ತೆಗಿ," ಎನ್ನುತ್ತ ಎದ್ದು ತಮ್ಮನ ಮೇಜಿನ ಬಳಿ ಬಂದ.

"ಅಣ್ಣ..."

"ಅವಳಿಗೆ ಫೋನ್ ಮಾಡು. ನನ್ನೆದುರಿಗೆ. ಸಹಿ ಆಯ್ತು ಅನ್ನು, ಕಂಠ ಹೇಗಿದ್ದಾನೆ ಕೇಳು. ಅವನು ಬದುಕಿದ್ದಾನೆ ಅಂತ ನನಗೆ ಗೊತ್ತಾಗಬೇಕು. ಇಲ್ಲ ಅಂದ್ರೆ ಈ ಮೆಟ್ಟಿಲಿಳಿದು ಆ ಪೇದೆಯನ್ನ ಎಬ್ಬಿಸ್ತೀನಿ, ನಮ್ಮೂರಿನ ಪ್ರತಿ ಮನೆ ಬಾಗಿಲು ಒಡೆಸ್ತೀನಿ."

ತಮ್ಮ ಅವನನ್ನು ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ಇದ್ದದ್ದು ಹೆದರಿಕೆ ಎಂದು ತಕ್ಕಡಿ ತಿಳಿದ.

ತಮ್ಮ ನಂಬರ್ ಒತ್ತಿ, ಧ್ವನಿ ಜೋರು ಮಾಡಿ, ಫೋನನ್ನು ಬೋರಲು ಹಾಕಿ, ವರದಿಯ ಮೇಲೆ ಇಟ್ಟ. ಅಣ್ಣನ ಕಡೆಯಿಂದ ಮುಖ ತಿರುಗಿಸಿಕೊಂಡ.

ನಾಲ್ಕು ಸಲ ರಿಂಗಾಯಿತು. ಐದನೆಯದು ಅರ್ಧಕ್ಕೆ ನಿಂತಿತು.

"ಎಷ್ಟೊತ್ತೋ ಮಾರಾಯ," ಎಂದಿತು ಹೆಣ್ಣು ಧ್ವನಿ, ಉಸಿರು ಸಾಲದೆ. "ನಿಮ್ಮಣ್ಣ ಸಹಿ ಹಾಕಿದ್ರಾ?"

ತಕ್ಕಡಿ ಫೋನಿನತ್ತ ಬಗ್ಗಿದ.

ಇಪ್ಪತ್ತಾರು ವರ್ಷ ಅವನನ್ನು ನಿದ್ದೆಯಿಂದ ಎಬ್ಬಿಸಿದ ಧ್ವನಿ. ಮೊನ್ನೆ ಬೆಳಗ್ಗೆ, ತವರಿಂದ ಈಗಷ್ಟೇ ಬಂದೆ ಎಂದು ಅವನ ಚೀಲಕ್ಕೆ ಅಂಗಿ ಮಡಿಸಿ ಇಡುತ್ತ, ಪಾಪ ನಿನ್ನ ತಮ್ಮ ಕಷ್ಟದಲ್ಲಿದ್ದಾನೆ, ಹೋಗಿ ಬಾ ಎಂದ ಧ್ವನಿ. ಬೀದಿಯಲ್ಲಿ ಹೋಗುವವರ ತೂಕವನ್ನೆಲ್ಲ ಕಣ್ಣಲ್ಲೇ ಹೇಳುವವನು, ಮಧ್ಯಾಹ್ನದಿಂದ ಐವತ್ತನಾಲ್ಕು, ಐವತ್ತನಾಲ್ಕು ಎಂದು ಊರೆಲ್ಲ ಅಳೆದವನು, ಹೆಂಡತಿಯೊಬ್ಬಳನ್ನು ಮಾತ್ರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ತಮ್ಮ ಫೋನಿಗೆ ಕೈ ಹಾಕಿದ. ತಕ್ಕಡಿ ಅವನ ಮಣಿಕಟ್ಟು ಹಿಡಿದು ಮೇಜಿಗೆ ಒತ್ತಿದ.

"ಮಾತಾಡೋ," ಎಂದಳು ಅವಳು. ಧ್ವನಿ ಒಡೆದಿತ್ತು. "ಇಲ್ಲಿ ಕಂಠ ಬೆಳಗ್ಗೆಯಿಂದ ಎದ್ದೇ ಇಲ್ಲ ಕಣೋ. ಎಷ್ಟು ಅಲುಗಾಡಿಸಿದ್ರೂ ಕಣ್ಣು ಬಿಡ್ತಿಲ್ಲ, ಕೈಕಾಲೆಲ್ಲ ತಣ್ಣಗಿದೆ. ಎರಡು ನಿದ್ದೆ ಮಾತ್ರೆ ಅಂತ ತಾನೇ ನೀನು ಹೇಳಿದ್ದು? ನಾನು ಎರಡೇ ಕೊಟ್ಟೆ. ಈಗ ನೋಡಿದ್ರೆ ಶೀಶೆ ಪೂರ್ತಿ ಖಾಲಿ ಇದೆ."